ಕೂಲಿಯ ಬಾಬ್ತು ಸೀರೆ ಒಂದು

ಅಜ್ಜಂಪುರ
೩-೧೧-೧೯೭೮

ಬೀರೂರಿನ ತೀರ್ಥಪ್ಪನವರಿಗೆ ಕಾಶಮ್ಮನ ಶರಣಾರ್ಥಿ.

ಒಂದನೇ ತಾರೀಖು ರಾಜ್ಯೋತ್ಸವದ ರಜ ಇತ್ತು. ಎರಡನೇ ತಾರೀಖು ತರೀಕೆರೆ ಖಜಾನೆಗೆ ಪೆನ್ಶನ್ ತರಲು ಹೋಗಿದ್ದೆ. ಮೂರು ಗಂಟೆಯಾದರೂ ನನ್ನ ಹೆಸರು ಕೂಗಲಿಲ್ಲ. ನಾನೇ ಕಿಟಕಿಯ ಹತ್ತಿರ ಹೋಗಿ ಕೇಳಿದೆ. ನಿಮ್ಮದಕ್ಕೆ ತಡೆ ಬಂದಿದೆ, ನೀವು ಮರುಮದುವೆ ಮಾಡಿಕೊಂಡಿದ್ದೀರಿ ಅಂತ ಮೂಗರ್ಜಿ ಬಂದಿದೆ, ವಿಚಾರಣೆ ಆಗುವವರೆಗೆ ಕೊಡುವ ಹಾಗಿಲ್ಲ ಅಂದರು. ಯಾರನ್ನು ಮಾಡಿಕೊಂಡಿದ್ದೀನಂತೆ ಅಂತ ಕೇಳಿದೆ. ಜಗಲಿಯಲ್ಲಿದ್ದವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಗುಮಾಸ್ತರು ಕಾಗದ ನೋಡಿ ನಿಮ್ಮ ಹೆಸರು ಓದಿದರು.

ನಿಮಗೆ ತಿಳಿಸಬೇಕು ಅನ್ನಿಸಿತು. ಮನೆಯಲ್ಲಿ ರಾಗಿ ಇದೆ. ಮಗಳೂ ಮೊಮ್ಮಗುವೂ ಹೇಗಿದ್ದಾರೆ?

ಇತಿ,
ಕಾಶಮ್ಮ


ಬೀರೂರು
೭-೧೧-೧೯೭೮

ಶ್ರೀಮತಿ ಕಾಶಮ್ಮನವರಿಗೆ ತೀರ್ಥಪ್ಪನ ಶರಣಾರ್ಥಿಗಳು.

ನಿಮ್ಮ ಕಾರ್ಡು ತಲುಪಿತು. ಇಂಥ ವಿಷಯವನ್ನು ಯಾರಾದರೂ ಕಾರ್ಡಿನಲ್ಲಿ ಬರೆಯುತ್ತಾರೆಯೇ? ಅಜ್ಜಂಪುರದ ಪೋಸ್ಟ್‌ಮ್ಯಾನ್ ಓದಿರುತ್ತಾನೆ. ನಮ್ಮ ಬೀರೂರಿನವನು ಓದಿದ್ದಾನೆ, ಅದರಲ್ಲಿ ಡೌಟೇ ಇಲ್ಲ. ಕೊಡುವಾಗ ಕಾರ್ಡನ್ನು ನೋಡಲಿಲ್ಲ, ನನ್ನ ಮುಖ ನೋಡಿದ. ಇನ್ನು ಮೇಲೆ ಒಂದೇ ಒಂದು ಸಾಲಿದ್ದರೂ ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದು ಅನ್ನದ ಅಗುಳು ಹಚ್ಚಿ ಗಟ್ಟಿಯಾಗಿ ಅಂಟಿಸಿ.

ಮಗಳೂ ಮಗುವೂ ಸಖರಾಯಪಟ್ಟಣಕ್ಕೆ ಅಳಿಯನ ಮನೆಗೆ ಹೋಗಿ ತಿಂಗಳಾಯಿತು. ಮನೆಯಲ್ಲಿ ನಾನೊಬ್ಬನೇ. ನಿಮ್ಮ ಕಾರ್ಡು ಬಂದ ಮೇಲೆ ಹೊರಬಾಗಿಲ ಅಗಳಿ ಹಗಲೂ ಹಾಕಿಯೇ ಇಡುತ್ತೇನೆ. ಯಾರು ಬರುತ್ತಾರೆಂದು ಕೇಳಿದರೆ ಹೇಳಲಾರೆ. ಕಾಕಿ ಬಟ್ಟೆಯವರು ಯಾರು ಬೀದಿಯಲ್ಲಿ ಹೋದರೂ ಎದೆ ಡವಡವ ಎನ್ನುತ್ತದೆ. ಪ್ಯಾಲ್ಪಿಟೇಷನ್. ಮೂವತ್ತೆಂಟು ವರ್ಷ ರೈಲ್ವೆಯಲ್ಲಿ ಕಾಕಿಯವರ ಮಧ್ಯೆಯೇ ಇದ್ದವನು ನಾನು.

ವಿಚಾರಣೆ ಅಂದರೆ ಸ್ಟೇಟ್‌ಮೆಂಟ್ ಕೇಳುತ್ತಾರೆ. ಅದಕ್ಕೆ ನಡೆದದ್ದನ್ನು ಒಂದು ಸಲ ಕ್ರಮವಾಗಿ ಬರೆದು ನೋಡುತ್ತೇನೆ. ತಪ್ಪಿದ್ದರೆ ತಿಳಿಸಿ.

ನನ್ನಾಕೆ ಸಾವಿತ್ರಮ್ಮ ಹೋಗಿ ಆರು ವರ್ಷ. ಮಗಳು ಹೆರಿಗೆಗೆ ತವರಿಗೆ ಬಂದಾಗ ಮನೆಯಲ್ಲಿ ಹೆಂಗಸಿರಲಿಲ್ಲ. ಹಿಂದೆ ಅಜ್ಜಂಪುರ ಸ್ಟೇಷನ್ನಿನಲ್ಲಿದ್ದಾಗ ನೀವೂ ನಿಮ್ಮ ಯಜಮಾನರಾದ ಜಯದೇವಪ್ಪ ಮೇಷ್ಟ್ರೂ ನಮ್ಮ ಪಕ್ಕದ ಮನೆಯವರಾಗಿದ್ದ ಸಲಿಗೆಯಿಂದ ನಿಮಗೆ ಬರೆದೆ. ನೀವು ಬಂದು ಇಪ್ಪತ್ತೆರಡು ದಿನ ಬಾಣಂತನ ಮಾಡಿದಿರಿ. ಶ್ರಾವಣದಲ್ಲಿ ಮಗುವಿಗೆ ಹೆಸರಿಟ್ಟ ದಿನ ನೀವು ಊರಿಗೆ ಹೊರಟಿರಿ. ಇಷ್ಟು ಮಾಡಿದವರನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಸೀರೆ ಕೊಡಬೇಕಾದದ್ದು ಮಗಳು. ಅವಳಿಗೆ ಜ್ವರ ಬಂದು ಒಳಗೆ ಮಲಗಿದ್ದಳು. ಅವಳು ತರಿಸಿಟ್ಟಿದ್ದ ಸೀರೆಯನ್ನು ನಾನೇ ಒಳಗಿಂದ ತಂದು, ಪಡಸಾಲೆಯಲ್ಲಿ ಇಪ್ಪತ್ತು ಜನ ಕೂತಿದ್ದ ಹಾಗೇ, ನಿಮ್ಮ ಕೈಗೆ ಕೊಟ್ಟೆ. ನೀವು ತೆಗೆದುಕೊಂಡಿರಿ.

ಆಮೇಲೆ ಕರಿಯಮ್ಮಜ್ಜಿ, ಎಂಬತ್ತು ದಾಟಿದ ಆಕೆಗೆ ಈ ಪದ್ಧತಿಗಳೆಲ್ಲ ಬಾಯಿಪಾಠ, ಹೇಳಿದರು: "ತಟ್ಟೇಲಿಟ್ಟು ನೆಲದ ಮೇಲಿಡಬೇಕಿತ್ತು ಕಣಪ್ಪ. ಕೈಗೇ ಕೊಟ್ಬಿಟ್ಟೆಯಲ್ಲೋ."

ನಮ್ಮಲ್ಲಿ ಗಂಡ ಸತ್ತವಳಿಗೆ ಧಾರೆ ಇಲ್ಲ, ವಾಲಗ ಇಲ್ಲ. ಹೆಂಡತಿ ಸತ್ತವನು ನಾಲ್ಕು ಜನರ ಎದುರು ಸೀರೆ ಕೈಗೆ ಕೊಟ್ಟ, ಆಕೆ ತೆಗೆದುಕೊಂಡಳು ಎಂದರೆ ಸೀರುಡಿಕೆ ಆಯಿತು, ಅಂದರೆ ಮದುವೆಯೇ ಆಯಿತು. ಇದು ನನಗೆ ತಿಳಿಯದ್ದಲ್ಲ. ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಅಲ್ಲಿ ಒಬ್ಬರು ನಕ್ಕರು. ನಿಮ್ಮ ಮೈದುನ ಈರಭದ್ರಪ್ಪ ನಗಲಿಲ್ಲ. ಅವನ ಎಲೆಗೆ ಎರಡನೇ ಸಲ ತುಪ್ಪ ಬಡಿಸಿದವನು ನಾನೇ.

ಇದಕ್ಕಿಂತ ದೊಡ್ಡ ಭಯ ಬೇರೆ ಇದೆ. ನೀವು ಮರುವಿವಾಹವಾಗಿಲ್ಲವೆಂದು ಆರು ತಿಂಗಳಿಗೊಮ್ಮೆ ಖಜಾನೆಗೆ ಕೊಡುವ ಸರ್ಟಿಫಿಕೇಟಿಗೆ ಎಂಟು ವರ್ಷದಿಂದ ಸಹಿ ಹಾಕುತ್ತಿರುವವನು ನಾನು. ಕಳೆದ ತಿಂಗಳೂ ಹಾಕಿದ್ದೇನೆ, ಸೀರೆ ಕೊಟ್ಟ ಮೇಲೆ! ಟು ದಿ ಬೆಸ್ಟ್ ಆಫ್ ಮೈ ನಾಲೆಡ್ಜ್ ಅಂಡ್ ಬಿಲೀಫ್. ನಾಲೆಡ್ಜ್ ಸರಿ. ಬಿಲೀಫ್ ಅಂದರೆ ಏನು ಎಂದು ಮೈಸೂರಿನ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಲೆಕ್ಚರರು ಒಂದು ಪಿರಿಯಡ್ ಪೂರ್ತಿ ಹೇಳಿದ್ದರು. ಈಗ ಒಂದಕ್ಷರ ನೆನಪಿಲ್ಲ. ಸುಳ್ಳು ಸರ್ಟಿಫಿಕೇಟ್ ಅಂದರೆ ಕ್ರಿಮಿನಲ್. ನನ್ನ ಪೆನ್ಶನ್ನಿಗೂ ಕೈ ಹಾಕಬಹುದು. ಒಳಗೂ ಹಾಕಬಹುದು.

ಈ ಕಾಗದ ಓದಿ ಒಲೆಗೆ ಹಾಕಿ.

ಇತಿ,
ತೀರ್ಥಪ್ಪ


ಬೀರೂರು
೨೨-೧೧-೧೯೭೮

ಸೋದರಿ ಸಮಾನರಾದ ಕಾಶಮ್ಮನವರಿಗೆ ತೀರ್ಥಪ್ಪನ ಶರಣಾರ್ಥಿಗಳು.

ಉತ್ತರ ಬರಲಿಲ್ಲ. ಕಾಗದ ತಲುಪಿತೋ, ಮಧ್ಯದಲ್ಲಿ ಯಾರಾದರೂ ಒಡೆದರೋ ಎಂದು ಹದಿನೈದು ದಿನ ಚಡಪಡಿಸಿ, ಸೋಮವಾರ ಶಿವಮೊಗ್ಗ ಪ್ಯಾಸೆಂಜರ್ ಹತ್ತಿ ತರೀಕೆರೆಗೆ ಹೋದೆ. ನಿಮ್ಮ ಖಜಾನೆಗೇ ಹೋದೆ. ನನ್ನದು ಕಡೂರು ಖಜಾನೆಯಾದ್ದರಿಂದ ಅಲ್ಲಿ ನನ್ನನ್ನು ಯಾರೂ ಅರಿಯರು. ಪೆನ್ಶನ್ ಗುಮಾಸ್ತ ತಿಮ್ಮರಾಯಪ್ಪ ಅಂತ, ಬಾಯಿ ತುಂಬ ಎಲೆಅಡಿಕೆ, ಕೆಟ್ಟವನಲ್ಲ. ನಾನು ಹೆಸರು ಹೇಳಲಿಲ್ಲ. ಒಬ್ಬ ಗೆಳೆಯರ ಪರವಾಗಿ ಕೇಳುತ್ತಿದ್ದೇನೆ ಎಂದೆ.

ಗಂಡನ ಪೆನ್ಶನ್ ಪಡೆಯುವ ಹೆಂಗಸು ಮದುವೆಯಾದರೆ ಮಾರನೇ ದಿನದಿಂದಲೇ ನಿಲ್ಲುತ್ತದೆ ಎಂದರು. ಅದು ಗೊತ್ತಿದ್ದದ್ದೇ. ಆಮೇಲೆ, ಸುಮ್ಮನೆ ಜನರಲ್ ನಾಲೆಡ್ಜಿಗೆ, ಆ ಗೆಳೆಯರೂ ಪೆನ್ಶನ್‌ದಾರರು, ಅವರು ಹೋದ ಮೇಲೆ ಅವರದು ಆಕೆಗೆ ಬರುತ್ತದಲ್ಲವೇ ಎಂದು ಕೇಳಿದೆ.

"ಮದುವೆ ರಿಟೈರ್ ಆಗೋ ಮುಂಚೇನೋ, ಆದ್ಮೇಲೋ?"

ಆದ ಮೇಲೆ ಎಂದೆ.

"ಹಂಗಾದ್ರೆ ಇಲ್ಲ. ಸರ್ವೀಸ್‌ನಲ್ಲಿದ್ದಾಗ ಹೆಂಡ್ತಿ ಆಗಿದ್ದೋಳು ಹೆಂಡ್ತಿ. ಆಮೇಲೆ ಬಂದೋಳು ರೂಲ್ಸಿಗೆ ಕಾಣಲ್ಲ." ಎದ್ದು ಹೋಗಿ ಉಗಿದು ಬಂದು, ಕಿಟಕಿಯಿಂದ ಬಗ್ಗಿ ಮೆಲ್ಲಗೆ ಹೇಳಿದರು: "ನಿಮ್ಮ ಗೆಳೆಯರಿಗೆ ಒಂದು ಮಾತು ಹೇಳಿ ಸ್ವಾಮಿ. ಆ ಯಮ್ಮ ಇರೋದನ್ನ ಬಿಟ್ಟು ಅವರ ಕೈ ಹಿಡಿದ್ರೆ, ಅವರು ಕಣ್ಣು ಮುಚ್ಚಿದ ದಿನ ಆ ಯಮ್ಮಂಗೆ ಇದೂ ಇಲ್ಲ, ಅದೂ ಇಲ್ಲ."

ಜಗಲಿಯಲ್ಲಿ ಒಬ್ಬಾಕೆ ಕೂತಿದ್ದಳು. ಇಪ್ಪತ್ತು ವರ್ಷದ ಹಿಂದೆ ಗಂಡ ಪಂಚಾಯ್ತಿ ಸೇರಿಸಿ ಬಿಡುಗಡೆ ಮಾಡಿದ್ದನಂತೆ. ಅವನು ಈಗ ಸತ್ತಿದ್ದಾನೆ, ನನಗೇನಾದರೂ ಬರುತ್ತದಾ ಎಂದು ಕೇಳಲು ಬಂದಿದ್ದಳು. ಬರುವುದಿಲ್ಲ ಎಂದರು. ಆಕೆ ಸರಿ ಎಂದು ಎದ್ದು ಸೆರಗು ಕೊಡವಿಕೊಂಡು ಹೋದಳು. ಅಷ್ಟೇ. ನನ್ನ ಬ್ಲಡ್ ಪ್ರೆಷರು ನಿಮಗೆ ಗೊತ್ತು. ನಾನು ಎಷ್ಟು ದಿನವೋ! ನಾನು ಹೋದ ದಿನ ನೀವೂ ಹಾಗೆ ಯಾವುದೋ ಜಗಲಿಯಲ್ಲಿ... ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ? ತಪ್ಪು ತಿಳಿಯಬೇಡಿ. ಕೇಳಿದ್ದು ಕೇವಲ ಗೆಳೆಯರ ಪರವಾಗಿ.

ಈ ಕಾಗದವನ್ನೂ ಒಲೆಗೆ ಹಾಕಿ.

ಇತಿ,
ತಮ್ಮ ಸಹೋದರ ಸಮಾನ,
ತೀರ್ಥಪ್ಪ


ಅಜ್ಜಂಪುರ
೨೯-೧೧-೧೯೭೮

ತೀರ್ಥಪ್ಪನವರಿಗೆ ಕಾಶಮ್ಮನ ಶರಣಾರ್ಥಿ.

ಎರಡು ಕಾಗದವೂ ಬಂದವು. ನಿಮ್ಮ ಗೆಳೆಯರು ಯಾರೋ ನನಗೆ ತಿಳಿಯದು. ಅವರು ಖಜಾನೆಯವರನ್ನು ಕೇಳಿದ್ದಾರೆ. ನನ್ನನ್ನು ಕೇಳಿಲ್ಲ.

ಸೋದರಿ ಅಂತ ಬರೆದಿದ್ದೀರಿ. ಅಜ್ಜಂಪುರದಲ್ಲಿ ಒಂದೇ ಗೋಡೆಯ ಆಚೆ ಈಚೆ ಹನ್ನೊಂದು ವರ್ಷ ಇದ್ದೆವು. ಆಗ ಇಲ್ಲದ ಸೋದರಿ ಈಗ ಎಲ್ಲಿಂದ ಬಂದಳು? ಬೇರೆಯವರು ಓದಲಿ ಅಂತ ಬರೆಯುವುದಾದರೆ ನನ್ನ ವಿಳಾಸಕ್ಕೆ ಯಾಕೆ ಹಾಕುತ್ತೀರಿ?

ಮೊನ್ನೆ ಈರಭದ್ರಪ್ಪ ಬಂದಿದ್ದ. ಕೂತು ಕಾಫಿ ಕುಡಿದ. ಹೋದ ವರ್ಷ ನಾನು ಮೇಷ್ಟ್ರ ಪಾಲಿನ ತೆಂಗಿನ ತೋಟ ಕೇಳಿದ್ದೆನಲ್ಲ, ಅದು ಬೇಡ ಅಂತ ಬರೆದುಕೊಟ್ಟರೆ ಅರ್ಜಿಯ ವಿಷಯ ತಣ್ಣಗಾಗುತ್ತದೆ ಅಂದ. ಅರ್ಜಿ ಹಾಕಿದವರು ಯಾರು ಅಂತ ಗೊತ್ತೇ ಇಲ್ಲವಲ್ಲ, ತಣ್ಣಗಾಗುತ್ತದೆ ಅಂತ ನಿನಗೆ ಹೇಗೆ ಗೊತ್ತು ಅಂದೆ. ನಕ್ಕ. "ಅತ್ತಿಗೆ, ಪೆನ್ಶನ್ ನಿಂತ್ರೆ ನಮ್ಮನೆ ಇಲ್ವಾ? ಒಲೆ ಮುಂದೆ ಒಬ್ಬರು ಬೇಕೇ ಬೇಕು" ಅಂದ.

ನನ್ನ ಭಯ ಅದೊಂದೇ. ಮೇಷ್ಟ್ರು ಹೋದ ಮೇಲೆ ಮೊದಲ ಒಂದೂವರೆ ವರ್ಷ, ಪೆನ್ಶನ್ ಮಂಜೂರಾಗುವ ತನಕ, ಈರಭದ್ರಪ್ಪನ ಮನೆಯಲ್ಲಿದ್ದೆ. ಸೋಪಿಗೆ ಕೇಳಬೇಕು, ತಲೆನೋವಿನ ಮಾತ್ರೆಗೆ ಕೇಳಬೇಕು. ಮಂಜೂರಾದ ದಿನ ಕಿಟಕಿಯಿಂದ ಕಾಶಮ್ಮ ಕೋಂ ಜಯದೇವಪ್ಪ ಅಂತ ಕೂಗಿದರು. ಅದೇ ಸಂಜೆ ಬೇರೆ ಮನೆ ಮಾಡಿದೆ. ಆ ಮನೆಗೆ ತಿರುಗಿ ಹೋಗುವುದಾದರೆ ನಾನು ಬದುಕುವುದಿಲ್ಲ.

ವಿಚಾರಣೆಗೆ ಕರೆದರೆ ನಡೆದದ್ದನ್ನು ಹೇಳಿ. ಏನೂ ಸೇರಿಸಬೇಡಿ, ಏನೂ ಬಿಡಬೇಡಿ. ಕಾಗದ ಒಲೆಗೆ ಹಾಕಿಲ್ಲ. ಹಾಕುವುದಿಲ್ಲ.

ಇತಿ,
ಕಾಶಮ್ಮ


ಬೀರೂರು
೨೧-೧೨-೧೯೭೮

ಕಾಶಮ್ಮನವರಿಗೆ,

ನೋಟೀಸು ಬಂತು. ಜನವರಿ ಎಂಟು, ಸೋಮವಾರ, ಹನ್ನೊಂದು ಗಂಟೆ, ಅಜ್ಜಂಪುರ ಚಾವಡಿ. ರೆವಿನ್ಯೂ ಇನ್‌ಸ್ಪೆಕ್ಟರ್ ಬಸವರಾಜಪ್ಪನವರ ಮುಂದೆ ನಿಮ್ಮದೂ ನನ್ನದೂ ಹೇಳಿಕೆ. ನಿಮಗೂ ಬಂದಿರಬೇಕು. ನೋಟೀಸಿನಲ್ಲಿ ನನ್ನ ಹೆಸರಿನ ಮುಂದೆ ಏನು ಬರೆದಿದ್ದಾರೆ ಗೊತ್ತೇ? ಎದುರುದಾರ ನಂಬರ್ ಎರಡು. ನೀವು ಒಂದು. ನಮ್ಮಿಬ್ಬರ ಹೆಸರನ್ನು ಒಂದೇ ಕಾಗದದಲ್ಲಿ ಮೇಲೆ ಕೆಳಗೆ ಟೈಪು ಮಾಡಿದ್ದನ್ನು ನೋಡಿದ್ದು ಇದೇ ಮೊದಲು. ಎಷ್ಟು ಹೊತ್ತು ನೋಡುತ್ತ ಕೂತಿದ್ದೆನೋ, ಅನ್ನ ಸೀದುಹೋಯಿತು.

ಹದಿನೈದು ದಿನದಿಂದ ಊಟ ಒಳಗೆ ಹೋಗುತ್ತಿಲ್ಲ. ಪ್ರಶ್ನೆ ನಾನೇ ಕೇಳಿಕೊಂಡು ಉತ್ತರ ನಾನೇ ಹೇಳಿ ನೋಡುತ್ತೇನೆ. ಒಂದು ಪ್ರಶ್ನೆಗೆ ಉತ್ತರ ಬರುವುದಿಲ್ಲ. ಆ ವಿಷಯ ನಿಮಗೂ ತಿಳಿದಿಲ್ಲ. ಪ್ರಮಾಣ ಮಾಡಿಸುವ ಮೊದಲು ನಿಮಗೆ ಹೇಳಿಬಿಡುತ್ತೇನೆ.

ಸೀರೆ ಮಗಳು ತರಿಸಿದ್ದು ಎಂದು ನಿಮಗೂ ಹೇಳಿದ್ದೆ, ಎಲ್ಲರಿಗೂ ಹೇಳಿದ್ದೆ. ಮಗಳಿಗೆ ಅದು ಗೊತ್ತೇ ಇರಲಿಲ್ಲ. ಅವಳು ನಿಮಗಾಗಿ ತೆಗೆದಿಟ್ಟದ್ದು ಬೀರುವಿನಲ್ಲಿದ್ದ ಒಂದು ಬೂದು ಬಣ್ಣದ ಸೀರೆ. ನಾನೇ ಬೀರೂರು ಪೇಟೆಯಲ್ಲಿ ಮೂರು ಅಂಗಡಿ ಹತ್ತಿ ಇಳಿದು ಆ ಹಸಿರು ಇಳಕಲ್ ತಂದೆ. ಅಂಗಡಿಯವನು ಯಾರಿಗೆ ಎಂದು ಕೇಳಿದ. ಮನೆಯವರಿಗೆ ಎಂದೆ. ಯಾಕೆ ಹಾಗೆಂದೆನೋ! ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಪದ ಇದೆ, ಮನಸ್ಸಿಗೆ ಗೊತ್ತಿಲ್ಲದೆ ಮನಸ್ಸೇ ಮಾಡುವ ಕೆಲಸಕ್ಕೆ. ಕಾಲೇಜಿನಲ್ಲಿ ಕಲಿತಿದ್ದೆ. ನೆನಪಾದರೆ ಬರೆಯುತ್ತೇನೆ.

ಆ ಗಳಿಗೆಯಲ್ಲಿ ಪದ್ಧತಿ ನೆನಪಾಗಲಿಲ್ಲ ಎಂದು ಬರೆದಿದ್ದೆ. ಅದು ಪೂರ್ತಿ ನಿಜವಲ್ಲ. ತಟ್ಟೆ ಅಲ್ಲೇ ಇತ್ತು. ತಟ್ಟೆಯನ್ನು ನೋಡಿದ್ದು ನೆನಪಿದೆ.

ಈಗ ನೀವೇ ಹೇಳಿ. ಏನೂ ಬಿಡಬೇಡಿ ಎಂದು ಬರೆದಿರಿ. ಇದನ್ನು ಹೇಳಿದರೆ ನಿಮ್ಮ ಪೆನ್ಶನ್ ಅಲ್ಲೇ ಮುಗಿಯಿತು, ನೀವು ಈರಭದ್ರಪ್ಪನ ಒಲೆಯ ಮುಂದೆ. ಹೇಳದಿದ್ದರೆ ಪ್ರಮಾಣ ಮಾಡಿ ಸುಳ್ಳು ಹೇಳಿದ ಹಾಗೆ. ಅಂಗಡಿಯವನನ್ನು ಕರೆಸಿದರೋ? ಮಗಳನ್ನು ಕೇಳಿದರೋ? ದಯವಿಟ್ಟು ಎಂಟನೇ ತಾರೀಖಿನೊಳಗೆ ಒಂದು ಸಾಲು ಬರೆಯಿರಿ.

ಇತಿ,
ತೀರ್ಥಪ್ಪ


ಬೀರೂರು
೧೨-೧-೧೯೭೯

ಕಾಶಮ್ಮನವರಿಗೆ ತೀರ್ಥಪ್ಪನ ಶರಣಾರ್ಥಿಗಳು.

ನೀವು ಆ ಒಂದು ಸಾಲು ಬರೆಯಲಿಲ್ಲ. ಬರೆದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಹೇಳುವ ಯೋಗ್ಯತೆ ನನಗಿಲ್ಲ.

ಚಾವಡಿಯ ಬಾಗಿಲು ತೆರೆದೇ ಇತ್ತು. ನಿಮ್ಮನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಒಳಗೆ ನಾನು ಆಡಿದ್ದೆಲ್ಲ ನಿಮಗೆ ಕೇಳಿಸಿದೆ ಎಂದು ನನಗೆ ಗೊತ್ತು. ಆದರೂ ಬರೆಯುತ್ತೇನೆ. ಬರೆಯದೆ ಇದ್ದರೆ ಇನ್ನೇನು ಮಾಡಲಿ?

ಬಸವರಾಜಪ್ಪನವರು ಗದರಿಸಲಿಲ್ಲ. ಗದರಿಸಿದ್ದರೆ ಚೆನ್ನಾಗಿತ್ತು. ಕುರ್ಚಿ ತೋರಿಸಿದರು, ನೀರು ಬೇಕಾ ಎಂದರು. ಗೋಡೆಗೆ ಒರಗಿ ಈರಭದ್ರಪ್ಪ ಕೈ ಕಟ್ಟಿಕೊಂಡು ನಿಂತಿದ್ದ. ಸೀರೆ ಕೊಟ್ಟಿದ್ದು ನಿಜವೇ ಎಂದರು. ನಿಜ ಎಂದೆ. ಕೈಗೆ ಕೊಟ್ಟಿರಾ? ಹೌದು. ನಿಮ್ಮವರಲ್ಲಿ ಕೈಗೆ ಕೊಟ್ಟರೆ ಏನರ್ಥ ಎಂದು ನಿಮಗೆ ತಿಳಿಯದೇ? ಅವರು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. ಆ ಪೆನ್ನು ನೋಡಿದೆ. ಇವರು ಈಗ ಒಂದು ಪದ ಬರೆದರೆ ನಿಮ್ಮ ಮನೆ ಹೋಯಿತು, ನನ್ನ ಸಹಿ ಕ್ರಿಮಿನಲ್ ಆಯಿತು. ಎರಡರಲ್ಲಿ ಯಾವುದು ಮೊದಲು ನೆನಪಾಯಿತು ಎಂದು ಕೇಳಬೇಡಿ.

"ಆಯಮ್ಮ ನಂಗೇನಾಗ್ಬೇಕು ಸ್ವಾಮಿ?" ಎಂದೆ. "ಬಾಣಂತನಕ್ಕೆ ಕೂಲಿಗೆ ಕರೆಸಿದ್ದೆ. ದುಡ್ಡಿನ ಬದಲು ಸೀರೆ ಕೊಟ್ಟೆ."

ಯಾರೋ ಬೇರೆಯವನು ಹೇಳಿದ ಹಾಗಿತ್ತು. ಬಸವರಾಜಪ್ಪನವರು ತಲೆ ಎತ್ತಿ, ಹಾಗಾದರೆ ಕೂಲಿ, ಎಂದರು. ಕೂಲಿ ಎಂದೆ. ಅವರು ಬರೆದರು. ಓದಿ ಹೇಳಿದರು. 'ಇಪ್ಪತ್ತೆರಡು ದಿನದ ಬಾಣಂತನದ ಕೂಲಿಯ ಬಾಬ್ತು ಸೀರೆ ಒಂದು.' ಈರಭದ್ರಪ್ಪನ ಮುಖ ಕಪ್ಪಿಟ್ಟಿತು. ಅಷ್ಟು ಸಲೀಸಾಗಿ ಅವನ ಅರ್ಜಿ ಬಿದ್ದುಹೋಯಿತು. ಕೂಲಿ ಕೈಗೆ ಕೊಡದೆ ಇನ್ನೆಲ್ಲಿ ಕೊಡುತ್ತಾರೆ?

ಸಹಿ ಹಾಕಿ ಹೊರಗೆ ಬಂದಾಗ ನೀವು ಬೆಂಚಿನಿಂದ ಎದ್ದು ಒಳಗೆ ಹೊರಟಿದ್ದಿರಿ. ನನ್ನ ಭುಜದ ಪಕ್ಕದಲ್ಲೇ ಹೋದಿರಿ. ನಾನು ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ ಬಿಟ್ಟು ಕಾದೆ. ನೀವು ಆ ದಾರಿಯಲ್ಲಿ ಬರಲಿಲ್ಲ. ಒಳಗೆ ನೀವು ಏನು ಹೇಳಿದಿರಿ ಎಂದು ನನಗೆ ತಿಳಿಯದು. ನಾನು ಸುಳ್ಳ ಎಂದು ಹೇಳಿದ್ದರೂ ನ್ಯಾಯವೇ. ಹಾಗೆ ಹೇಳಿದ್ದರೆ ನಿಮ್ಮ ಗತಿ ಏನಾಯಿತೋ ಎಂದು ನಾಲ್ಕು ದಿನದಿಂದ ಜೀವ ಹೋಗುತ್ತಿದೆ.

ಮೇಷ್ಟ್ರು ಇದ್ದಾಗ ನಮ್ಮನೆಗೆ ಬಂದರೆ ನನ್ನಾಕೆ ನಿಮಗೆ ಮಣೆ ಹಾಕುತ್ತಿದ್ದಳು. ಆ ಮನೆಗೆ ಕೂಲಿಗೆ ಬಂದವರು ಎಂದು ನಾನೇ ಬರೆಸಿದೆ.

ಇತಿ,
ತೀರ್ಥಪ್ಪ


ಬೀರೂರು
೨೦-೨-೧೯೭೯

ಕಾಶಮ್ಮನವರಿಗೆ,

ಉತ್ತರ ಬೇಡ. ಪೆನ್ಶನ್ ಬಂತೋ ಇಲ್ಲವೋ ಅಷ್ಟು ತಿಳಿಸಿ. ಕಾರ್ಡಾದರೂ ಸರಿ.

ತೀರ್ಥಪ್ಪ


ಬೀರೂರು
೧೬-೪-೧೯೭೯

ಕಾಶಮ್ಮನವರಿಗೆ ತೀರ್ಥಪ್ಪನ ಶರಣಾರ್ಥಿಗಳು.

ತರೀಕೆರೆಗೆ ಹೋಗಿದ್ದೆ. ತಿಮ್ಮರಾಯಪ್ಪನವರು ಈ ಸಲ ಗೆಳೆಯರು ಹೇಗಿದ್ದಾರೆ ಎಂದು ಅವರೇ ಕೇಳಿದರು. ಸ್ವಲ್ಪ ಹೊತ್ತಾದ ಮೇಲೆ, ನಾನು ಕೇಳದೆಯೇ, ಅಜ್ಜಂಪುರದ ಕೇಸು ಬಿದ್ದುಹೋಯಿತು, ನಿಂತದ್ದೂ ಸೇರಿಸಿ ಮಾರ್ಚಿನಲ್ಲಿ ಕೊಟ್ಟೆವು ಎಂದರು. ಅಲ್ಲೇ ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಏಪ್ರಿಲ್ ಸರ್ಟಿಫಿಕೇಟನ್ನು ನೀವು ನನ್ನ ಸಹಿಗೆ ಕಳಿಸಲಿಲ್ಲ. ಅಜ್ಜಂಪುರದ ಸಬ್ ಪೋಸ್ಟ್‌ಮಾಸ್ಟರ್ ಹಾಕಿದ್ದಾರಂತೆ. ಸರಿಯೇ. 

ಇನ್ನು ಭಯಪಡಲು ಕಾರಣವಿಲ್ಲ. ಆದರೂ ಅದು ಹೋಗಿಲ್ಲ. ಅಗಳಿ ತೆಗೆದಿಟ್ಟಿದ್ದೇನೆ. ಯಾರೂ ಬರುವುದಿಲ್ಲ ಎಂಬುದು ಈಗ ಗೊತ್ತು. ಮೊದಲು ಯಾರಾದರೂ ಬಂದರೆ ಎಂದು ಹೆದರುತ್ತಿದ್ದೆ. ಮೊನ್ನೆ ಬಚ್ಚಲಲ್ಲಿ ತಲೆ ತಿರುಗಿ ಕೂತಾಗ, ಇಲ್ಲೇ ಹೀಗೇ ಬಿದ್ದಿದ್ದರೆ ಹಾಲಿನವನು ನೋಡುವ ತನಕ ಯಾರಿಗೂ ಗೊತ್ತಾಗುವುದಿಲ್ಲವಲ್ಲ ಎನ್ನಿಸಿತು. ನಿಮ್ಮನ್ನು ಹೆದರಿಸಲು ಬರೆದದ್ದಲ್ಲ.

ತೀರ್ಥಪ್ಪ


ಅಜ್ಜಂಪುರ
೬-೫-೧೯೭೯

ತೀರ್ಥಪ್ಪನವರಿಗೆ ಕಾಶಮ್ಮನ ಶರಣಾರ್ಥಿ.

ಬಚ್ಚಲಿಗೆ ಹೋಗುವಾಗ ಚಿಲಕ ಹಾಕಿಕೊಳ್ಳಬೇಡಿ. ಉಪ್ಪು ಕಡಿಮೆ ಮಾಡಿ. ಪಕ್ಕದ ಮನೆಯವರಿಗೆ ಬೆಳಗ್ಗೆ ಒಂದು ಸಲ ಕೂಗಲು ಹೇಳಿ.

ನಾಲ್ಕು ತಿಂಗಳು ನಾನು ಬರೆಯಲಿಲ್ಲ. ನಿಮ್ಮ ಮೇಲೆ ಸಿಟ್ಟು ಅಂತ ನೀವು ತಿಳಿದಿರಬೇಕು. ಸಿಟ್ಟು ಇತ್ತು. ಮೊದಲ ತಿಂಗಳು ಅಷ್ಟೇ ಇತ್ತು. ಆಮೇಲೆ ಬರೆಯದೆ ಇದ್ದದ್ದು ನಾಚಿಕೆಗೆ.

ನೀವು ಹೊರಗೆ ಬಂದ ಮೇಲೆ ನನ್ನನ್ನು ಒಳಗೆ ಕರೆದರು. ಬಸವರಾಜಪ್ಪನವರು ನಿಮ್ಮ ಹೇಳಿಕೆ ಓದಿದರು. ನೀವು ಕೂಲಿಗೆ ಹೋಗಿದ್ದು ನಿಜವೇ ಅಂತ ಕೇಳಿದರು. ನನ್ನ ಗಂಡ ಮೇಷ್ಟ್ರು, ನಾನು ಯಾರ ಮನೆಗೂ ಕೂಲಿಗೆ ಹೋದವಳಲ್ಲ ಅಂತ ಹೇಳಬೇಕು ಅಂತ ಬಾಯಿ ತೆರೆದೆ. ಈರಭದ್ರಪ್ಪ ಅಲ್ಲೇ ಇದ್ದ. ನನ್ನ ಬಾಯನ್ನೇ ನೋಡುತ್ತಿದ್ದ. ಹಾಗೆ ಹೇಳಿದರೆ ಇವನ ಮನೆಯೇ ಗತಿ ಅಂತ ಗೊತ್ತಾಯಿತು. ಹೌದು, ಕೂಲಿಗೇ ಹೋಗಿದ್ದೆ ಅಂದೆ. ಸಹಿ ಹಾಕಿದೆ. ನೀವೊಬ್ಬರೇ ಹೇಳಿದ ಸುಳ್ಳಲ್ಲ ಅದು. ನೀವು ಹೆದರಿ ಹೇಳಿದಿರಿ, ನಾನೂ ಹೆದರಿಯೇ ಒಪ್ಪಿದೆ. ನಡೆದದ್ದನ್ನು ಹೇಳಿ ಅಂತ ನಿಮಗೆ ಬುದ್ಧಿ ಹೇಳಿದವಳು ನಾನು.

ಡಿಸೆಂಬರಿನ ಕಾಗದಕ್ಕೂ ಉತ್ತರ ಬರೆದಿರಲಿಲ್ಲ. ತಟ್ಟೆ ಇದ್ದದ್ದು ನಾನೂ ನೋಡಿದ್ದೆ. ನೆಲದ ಮೇಲಿಡಿ ಅಂತ ನಾನೂ ಹೇಳಬಹುದಿತ್ತು. ಕೈ ಚಾಚಿದೆ. ಇದನ್ನು ಬರೆದರೆ ನಿಮಗೆ ಚಾವಡಿಯಲ್ಲಿ ಮಾತೇ ಹೊರಡುವುದಿಲ್ಲ ಅಂತ ಬರೆಯಲಿಲ್ಲ.

ಸರ್ಕಾರದ ಕಾಗದದಲ್ಲಿ ಕೂಲಿ ಅಂತ ಆದ ಮೇಲೆ ಸೀರೆ ಉಡುವುದಕ್ಕೆ ಯಾರದೂ ಅಡ್ಡಿಯಿಲ್ಲವಲ್ಲ. ಮಾರ್ಚಿನಲ್ಲಿ ಖಜಾನೆಗೆ ಅದನ್ನೇ ಉಟ್ಟುಕೊಂಡು ಹೋದೆ. ಈರಭದ್ರಪ್ಪ ಬಸ್ಸಿನಲ್ಲಿ ಎದುರಿಗೇ ಕೂತಿದ್ದ. ಚೆನ್ನಾಗಿದೆ ಅತ್ತಿಗೆ ಅಂದ. ಬೆವರು ಸುರಿಸಿ ಸಂಪಾದಿಸಿದ್ದು ಕಣಪ್ಪ ಅಂದೆ.

ನಿಮ್ಮ ಗೆಳೆಯರು ಈಗ ಕೇಳಿದರೂ ನನ್ನ ಉತ್ತರ ಬೇಡ ಅಂತಲೇ. ಅವರು ಬೇಡ ಅಂತಲ್ಲ. ಆ ಹೆಂಗಸು ಸೆರಗು ಕೊಡವಿಕೊಂಡು ಹೋದದ್ದನ್ನು ನೀವೇ ಬರೆದಿದ್ದೀರಿ. ನನಗೆ ಐವತ್ತೆರಡು. ಇನ್ನೂ ಎಷ್ಟು ವರ್ಷ ಬದುಕಬೇಕೋ. ಕಿಟಕಿಯಿಂದ ಕೂಗುವಾಗ ನನ್ನ ಹೆಸರಿರಬೇಕು.

ನೀವು ಅಜ್ಜಂಪುರಕ್ಕೆ ಬರುವುದು ಬೇಡ. ನಾನು ಬೀರೂರಿಗೆ ಬರುವ ಹಾಗಿಲ್ಲ. ಈರಭದ್ರಪ್ಪ ಕಾಯುತ್ತಾನೆ. ಇನ್ನೊಂದು ಅರ್ಜಿ ಬಿದ್ದರೆ ಬಸವರಾಜಪ್ಪನವರು ಇನ್ನೊಮ್ಮೆ ನೀರು ಬೇಕಾ ಅಂತ ಕೇಳುವುದಿಲ್ಲ.

ತಿಂಗಳಿಗೆ ಒಂದು ದಿನ ಮಾತ್ರ ನಾನು ಊರು ಬಿಡುವುದು. ತರೀಕೆರೆ ಖಜಾನೆಯ ಜಗಲಿಯಲ್ಲಿ ಹತ್ತರಿಂದ ಮೂರರ ತನಕ ಕೂರಬೇಕು. ಗಂಡಸರು ಹೆಂಗಸರು ಎಲ್ಲ ಒಂದೇ ಜಗಲಿ. ಯಾರು ಯಾರ ಪಕ್ಕ ಕೂತರು ಅಂತ ಅಲ್ಲಿ ಯಾರೂ ನೋಡುವುದಿಲ್ಲ, ಎಲ್ಲರ ಕಿವಿ ಕಿಟಕಿಯ ಕಡೆಗೇ ಇರುತ್ತದೆ. ಮಾತಿಗೆ ಯಾರೂ ಇಲ್ಲದೆ ಬಲು ಬೇಜಾರು.

ಇತಿ,
ಕಾಶಮ್ಮ


ಬೀರೂರು
೧೪-೫-೧೯೭೯

ಇವರಿಗೆ,
ಮಾನ್ಯ ಉಪಖಜಾನೆ ಅಧಿಕಾರಿಗಳು,
ಕಡೂರು.

ವಿಷಯ: ನಿವೃತ್ತಿ ವೇತನದ ಪಾವತಿಯನ್ನು ತರೀಕೆರೆ ಉಪಖಜಾನೆಗೆ ವರ್ಗಾಯಿಸುವ ಬಗ್ಗೆ.

ಸ್ವಾಮೀ,

ರೈಲ್ವೆಯಲ್ಲಿ ಗೂಡ್ಸ್ ಕ್ಲಾರ್ಕ್ ಆಗಿದ್ದು ನಿವೃತ್ತನಾದ ತೀರ್ಥಪ್ಪ ಎಂಬ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮೂರು ವರ್ಷದಿಂದ ತಮ್ಮ ಖಜಾನೆಯಲ್ಲಿ ಪಡೆಯುತ್ತಿರುವ ನನ್ನ ಪೆನ್ಶನ್ನನ್ನು ಬರುವ ತಿಂಗಳಿನಿಂದ ತರೀಕೆರೆಯಲ್ಲಿ ಪಡೆಯಲು ಅಪ್ಪಣೆ ಕೊಡಬೇಕು. ಕಡೂರು ನನಗೆ ಹತ್ತಿರ, ಬಸ್ಸಿಗೆ ಕಾಲು ಗಂಟೆ. ತರೀಕೆರೆ ದೂರ. ಇದು ನನಗೆ ತಿಳಿದಿದೆ.

ತಮ್ಮ ಗುಮಾಸ್ತರು ಕಾರಣವಿಲ್ಲದ ಅರ್ಜಿ ವಾಪಸ್ಸು ಬರುತ್ತದೆ, ಆರೋಗ್ಯ ಎಂದಾದರೂ ಬರೆಯಿರಿ ಎಂದು ದಯವಿಟ್ಟು ಸಲಹೆ ಕೊಟ್ಟರು. ಸುಳ್ಳು ಕಾರಣಕ್ಕೆ ಸಹಿ ಹಾಕಲು ನನಗೆ ಇನ್ನು ಧೈರ್ಯವಿಲ್ಲ. ಆದ್ದರಿಂದ ಇದ್ದದ್ದನ್ನೇ ಬರೆಯುತ್ತಿದ್ದೇನೆ.

ಕಾರಣ: ಕಡೂರಿನಲ್ಲಿ ನಾನು ಒಬ್ಬನೇ ಕಾಯಬೇಕಾಗುತ್ತದೆ.

ಈ ಕಾರಣ ಸಾಲದೆಂದು ತಮಗೆ ತೋರಿದರೆ ವಿಚಾರಣೆ ನಡೆಸಬಹುದು. ಕರೆದ ದಿನ ಬಂದು ಹೇಳಿಕೆ ಕೊಡುತ್ತೇನೆ.

ತಮ್ಮ ವಿಧೇಯ,
ತೀರ್ಥಪ್ಪ